ಸ್ಪೀಕರ್ ತಂತಿ: ಉದ್ದವೋ, ದಪ್ಪವೋ?

ಕರ್ಜಗಿಯಂತಹ ಊರುಗಳ ಮನೆಗಳಿಗೆ ಧ್ವನಿ ಉಪಕರಣ ಮಾರುವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವರ್ತಕರು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ಸ್ಪೀಕರಿನ ತಂತಿ ಉದ್ದವಾದರೆ ಧ್ವನಿ ಕೆಡುವುದೇ?

ಇಲ್ಲಿ ಗಮನಿಸಬೇಕಾದುದು ತಂತಿಯ ವಿದ್ಯುತ್ ರೋಧ. ಅದು ಉದ್ದದೊಡನೆ ಹೆಚ್ಚುತ್ತದೆ, ದಪ್ಪದೊಡನೆ ಕುಗ್ಗುತ್ತದೆ. ರೋಧ ಹೆಚ್ಚಿದಂತೆ ಆಂಪ್ಲಿಫಯರಿನ ಶಕ್ತಿಯ ಒಂದು ಭಾಗ ತಂತಿಯಲ್ಲಿಯೇ ಶಾಖವಾಗಿ ಕಳೆದುಹೋಗುತ್ತದೆ. ಸ್ವರಗಳ ಸಮತೋಲವೂ ಬದಲಾಗಬಹುದು.

1 ಚದರ ಮಿ.ಮೀ. ತಾಮ್ರದ ಜೋಡಿ ತಂತಿಯನ್ನು 10 ಮೀಟರ್ ಎಳೆದರೆ ವಿದ್ಯುತ್ತು ಹೋಗಿಬರುವ ದಾರಿ 20 ಮೀಟರ್. ರೋಧ ಸುಮಾರು 0.35 ಓಮ್. ಇದು 8 ಓಮ್ ಸ್ಪೀಕರಿನ ಶೇ. 5ರೊಳಗಿರುವುದರಿಂದ ಕಿವಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಅದೇ ಸ್ಪೀಕರ್ 25 ಮೀಟರ್ ದೂರವಿದ್ದರೆ, ಅಥವಾ 10 ಮೀಟರಿನಲ್ಲೇ 4 ಓಮ್ ಸ್ಪೀಕರ್ ಇದ್ದರೆ, 2.5 ಚದರ ಮಿ.ಮೀ. ತಂತಿ ಸೂಕ್ತ. ಎಡಬಲದ ತಂತಿಗಳ ಉದ್ದದಲ್ಲಿ ಕೆಲವು ಮೀಟರ್ ಅಂತರವಿದ್ದರೆ ಬಾಧೆಯಿಲ್ಲ.

ತಾಮ್ರ ಲೇಪಿತ ಅಲ್ಯೂಮಿನಿಯಂ ತಂತಿಯ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಅದನ್ನು ಶುದ್ಧ ತಾಮ್ರವೆಂದು ಮಾರಿದರೆ ಗ್ರಾಹಕರ ವಿಶ್ವಾಸಕ್ಕೆ ಎರವಾಗಬೇಕಾದೀತು. ಆದುದರಿಂದ ವರ್ತಕ ಬಾಂಧವರು ದುಬಾರಿ ಹೆಸರಿನ ತಂತಿಗಿಂತ ದೂರಕ್ಕೆ ತಕ್ಕ ಅಳತೆಯ ತಂತಿಯನ್ನು ಸೂಚಿಸುವುದು ಒಳಿತು.