ಉಸಿರಿನ ಸಾಲ

ಕಳೆದ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ನನ್ನ ಮೊಮ್ಮಗಳು 800 ಮೀಟರ್ ಓಟಕ್ಕೆ ನಿಂತಿದ್ದಳು. ಮೈದಾನಕ್ಕೆ ನಾಲ್ಕು ಸುತ್ತು. ಸೀಟಿ ಊದಿದ್ದೇ ತಡ, ಬಾಣದಂತೆ ಹೊರಟಳು. ಮೊದಲ ಸುತ್ತಿನಲ್ಲಿ ಅವಳೇ ಮುಂದೆ. ನಾನು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಮೂರನೆಯ ಸುತ್ತಿಗೆ ಅವಳ ಕಾಲು ಕಲ್ಲಾಯಿತು. ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಹೋದರು. ಅವಳು ಗೆರೆಯಾಚೆ ಹೋಗಿ ಕುಳಿತುಬಿಟ್ಟಳು.

"ನಂಗೆ ಶಕ್ತಿನೇ ಇಲ್ಲ ತಾತ. ಇನ್ನು ಓಡಲ್ಲ" ಎಂದಳು ಮನೆಗೆ ಬರುವ ದಾರಿಯಲ್ಲಿ.

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಓದಿದ್ದು ಬಿ.ಕಾಂ. ವಿಜ್ಞಾನದ ನಂಟು ಹೈಸ್ಕೂಲಿಗೇ ಮುಗಿದಿತ್ತು. ಆದರೂ ಮಗುವಿಗೆ ಆದದ್ದೇನು ಎಂದು ತಿಳಿಯಬೇಕೆನಿಸಿತು. ಗ್ರಂಥಾಲಯದಲ್ಲಿ ಹುಡುಕುತ್ತಾ ಹೋದಾಗ ಸಿಕ್ಕವರು ಎ.ವಿ. ಹಿಲ್. ಆಶ್ಚರ್ಯವೆಂದರೆ, ಆ ವಿಜ್ಞಾನಿ ಆಡಿದ್ದು ನಮ್ಮ ಬ್ಯಾಂಕಿನ ಭಾಷೆಯನ್ನೇ!

ಹಿಲ್ 1886ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದರು. ಕೇಂಬ್ರಿಡ್ಜ್‌ನಲ್ಲಿ ಮೊದಲು ಓದಿದ್ದು ಗಣಿತ. ಆಮೇಲೆ ಶರೀರ ವಿಜ್ಞಾನಕ್ಕೆ ಹೊರಳಿದರು. ಸ್ನಾಯುಗಳಲ್ಲಿ ಶಾಖ ಹುಟ್ಟುವ ಬಗೆಯನ್ನು ಅಳೆದು ತೋರಿಸಿದ್ದಕ್ಕೆ ಅವರಿಗೆ 1922ರ ನೊಬೆಲ್ ಬಹುಮಾನ ಬಂತು. ಜರ್ಮನಿಯ ಓಟೊ ಮೈಯರ್‌ಹೋಫ್ ಅದರಲ್ಲಿ ಪಾಲುದಾರರು.

ಹಿಲ್ ಸ್ವತಃ ಓಟಗಾರರು. ಹಾಗಾಗಿ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಬೆನ್ನಿಗೆ ದೊಡ್ಡದೊಂದು ಚೀಲ, ಬಾಯಿಗೆ ಕೊಳವೆ. ಹೀಗೆ ಮ್ಯಾಂಚೆಸ್ಟರ್‌ನ ಹುಲ್ಲಿನ ಮೇಲೆ ಸುತ್ತು ಹಾಕುತ್ತಿದ್ದ ಪ್ರೊಫೆಸರರನ್ನು ಊಹಿಸಿಕೊಳ್ಳಿ! ಬಿಟ್ಟ ಉಸಿರೆಲ್ಲ ಚೀಲ ಸೇರುತ್ತಿತ್ತು. ಅದರಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿದರೆ, ದೇಹ ಎಷ್ಟು ಬಳಸಿತು ಎಂಬ ಲೆಕ್ಕ ಸಿಗುತ್ತದೆ.

ಸುಮ್ಮನೆ ಕುಳಿತಾಗ ದೊಡ್ಡವರ ದೇಹ ನಿಮಿಷಕ್ಕೆ ಸುಮಾರು ಕಾಲು ಲೀಟರ್ ಆಮ್ಲಜನಕ ಬಳಸುತ್ತದೆ. ಓಡುತ್ತಾ ಹೋದಂತೆ ಹಿಲ್ ಅವರದು ಏರಿ, ಸುಮಾರು 4 ಲೀಟರಿಗೆ ಬಂದು ನಿಂತಿತು. ಇನ್ನೂ ಜೋರಾಗಿ ಓಡಿದರೂ ಅದಕ್ಕಿಂತ ಹೆಚ್ಚು ಬರಲಿಲ್ಲ. ಹೃದಯ ಮತ್ತು ರಕ್ತ ಸಾಗಿಸಿ ಕೊಡಬಲ್ಲದ್ದಕ್ಕೆ ಒಂದು ಮಿತಿ ಇದೆ. ಅದೇ ನಮ್ಮ ದೇಹದ ವರಮಾನ.

ಹಾಗಾದರೆ ವರಮಾನ ಮೀರಿ ಓಡಿದಾಗ ಖರ್ಚಿಗೆ ದುಡ್ಡು ಎಲ್ಲಿಂದ? ಆಗ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಸಕ್ಕರೆಯನ್ನು ಆಮ್ಲಜನಕವಿಲ್ಲದೆಯೇ ಒಡೆದು ಶಕ್ತಿ ಪಡೆಯುತ್ತವೆ. ಇದು ಬ್ಯಾಂಕಿನ ಓವರ್‌ಡ್ರಾಫ್ಟ್ ಇದ್ದ ಹಾಗೆ. ಬೇಗ ಸಿಗುತ್ತದೆ, ಬೇಗ ಮುಗಿಯುತ್ತದೆ. ಓಟ ನಿಂತ ಮೇಲೂ ನಾವು ಏದುಸಿರು ಬಿಡುವುದು ಏಕೆ? ಮಾಡಿದ ಸಾಲ ತೀರಿಸಲು! ಹಿಲ್ ಇದಕ್ಕೆ ಇಟ್ಟ ಹೆಸರೇ 'ಆಮ್ಲಜನಕದ ಸಾಲ'.

ಇದನ್ನೆಲ್ಲ ಮೊಮ್ಮಗಳಿಗೆ ನನ್ನ ಹಳೆಯ ಪಾಸ್‌ಬುಕ್ ತೆರೆದಿಟ್ಟು ವಿವರಿಸಿದೆ.

"ಅಂದ್ರೆ ನಾನು ಮೊದಲನೇ ಸುತ್ತಲ್ಲೇ ಸಾಲ ಮಾಡಿಬಿಟ್ನಾ ತಾತ?"

"ಹೂಂ ಪುಟ್ಟಿ. ಒಂದನೇ ತಾರೀಖಿಗೇ ಸಂಬಳವೆಲ್ಲ ಖರ್ಚು ಮಾಡಿ, ಮೇಲೆ ಕೈಸಾಲ ತಗೊಂಡ ಹಾಗಾಯ್ತು. ಶಕ್ತಿ ಇಲ್ಲದೆ ಅಲ್ಲ, ಲೆಕ್ಕ ತಪ್ಪಿ ಸೋತೆ."

ಹಿಲ್ ಲೆಕ್ಕಕ್ಕೂ ಮುಂದೆ ತಿದ್ದುಪಡಿ ಬಂತು, ನಿಜ. ಅವರ ಕಾಲದಲ್ಲಿ ಸ್ನಾಯುವಿನ ಲ್ಯಾಕ್ಟಿಕ್ ಆಮ್ಲವೇ ದಣಿವಿಗೆ ಕಾರಣ, ಆ ಸಾಲವೆಲ್ಲ ಅದರದೇ ಎಂದುಕೊಂಡಿದ್ದರು. ಅದರ ಲ್ಯಾಕ್ಟೇಟ್ ಬರೀ ಕಸವಲ್ಲ, ಹೃದಯವೂ ಇತರ ಸ್ನಾಯುಗಳೂ ಅದನ್ನೇ ಇಂಧನವಾಗಿ ಬಳಸುತ್ತವೆ ಎಂದು ಆಮೇಲೆ ಗೊತ್ತಾಯಿತು. ಓಟ ಮುಗಿದ ಮೇಲೆ ದೇಹ ಸಾಲಕ್ಕಿಂತ ಹೆಚ್ಚೇ ಆಮ್ಲಜನಕ ಕೇಳುತ್ತದೆ. ಕಾದ ಮೈ ತಣಿಯಬೇಕು, ಹೃದಯದ ಬಡಿತ ಇಳಿಯಬೇಕು. ನಾನು ಅದನ್ನು ಬಡ್ಡಿ ಎನ್ನುತ್ತೇನೆ! ತಪ್ಪು ಕಂಡರೆ ತಿದ್ದಿ ಬರೆಯುವುದು ಒಳ್ಳೆಯ ಲೆಡ್ಜರಿನ ಲಕ್ಷಣ. ವಿಜ್ಞಾನವೂ ಹಾಗೆಯೇ.

ವರಮಾನ ಹೆಚ್ಚಿಸಿಕೊಳ್ಳಲು ದಾರಿ ಇದೆಯೇ? ಇದೆ, ಮಕ್ಕಳೇ. ದಿನವೂ ಅಭ್ಯಾಸ ಮಾಡಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಕಳಿಸಲು ಕಲಿಯುತ್ತದೆ. ನಮ್ಮ ವಯಸ್ಸಿನವರಿಗೆ ಈ ವರಮಾನ ವರ್ಷವರ್ಷಕ್ಕೂ ಇಳಿಯುತ್ತದೆ. ಆದರೆ ನಡೆದಾಡುತ್ತಿರುವವರಿಗೆ ಇಳಿಕೆ ನಿಧಾನ. ಏದುಸಿರು ಬರುತ್ತದೆಂದು ನಾನೂ ಮೊಮ್ಮಗಳ ಹಾಗೆಯೇ "ಇನ್ನು ಆಗಲ್ಲ" ಎಂದು ಬೆಳಗಿನ ವಾಕಿಂಗ್ ಬಿಟ್ಟಿದ್ದೆ. ಡಾಕ್ಟರರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಮತ್ತೆ ಶುರು ಮಾಡಿದೆ. ಈಗ ನನ್ನ ಅಳತೆಗೋಲು ಸುಲಭದ್ದು: ಪಕ್ಕದವರ ಜೊತೆ ಮಾತಾಡುತ್ತಾ ನಡೆಯಲಾದರೆ ವೇಗ ಸರಿ, ಮಾತು ತುಂಡಾದರೆ ಸಾಲ ಶುರುವಾಯಿತು. ಎದೆ ನೋವು, ತಲೆಸುತ್ತು ಬಂದರೆ ಮಾತ್ರ ಯಾವ ಲೆಕ್ಕವೂ ಬೇಡ, ತಕ್ಷಣ ಡಾಕ್ಟರರ ಬಳಿ ಹೋಗಿ.

ಮೊಮ್ಮಗಳೂ ಬಂದಳು. ಅವಳು ಸುತ್ತು ಓಡುವುದು, ನಾನು ಕೈಗಡಿಯಾರ ನೋಡಿ ಬರೆದುಕೊಳ್ಳುವುದು. ನಾಲ್ಕೂ ಸುತ್ತಿಗೆ ಹೆಚ್ಚುಕಡಿಮೆ ಒಂದೇ ಸಮಯ ಬರಬೇಕು ಎಂಬುದು ನಮ್ಮ ಗುರಿ. ಪಿ.ಟಿ. ಮೇಷ್ಟ್ರು ನಮ್ಮ ಲೆಕ್ಕದ ಪುಸ್ತಕ ನೋಡಿ ನಕ್ಕು, ಒಪ್ಪಿದರು.

ಈ ವರ್ಷ ಅದೇ ಮೈದಾನ, ಅದೇ ಓಟ. ಮೊದಲ ಸುತ್ತಿನಲ್ಲಿ ಅವಳು ಏಳನೆಯವಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೂರನೆಯ ಸುತ್ತಿನಲ್ಲಿ ಇಬ್ಬರನ್ನು ದಾಟಿದಳು. ಕೊನೆಯ ಸುತ್ತಿಗೆ ಓವರ್‌ಡ್ರಾಫ್ಟ್ ತೆಗೆದೇಬಿಟ್ಟಳು! ಇನ್ನೊಬ್ಬಳನ್ನು ದಾಟಿ ನಾಲ್ಕನೆಯವಳಾಗಿ ಗೆರೆ ಮುಟ್ಟಿದಳು. ಪದಕ ಬರಲಿಲ್ಲ. ಆದರೆ ಅವಳ ಮುಖ ಅರಳಿತ್ತು.

ಓಡಿ ಹೋಗಿ ನೀರು ಕೊಟ್ಟೆ. ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತವಳು ಕೈ ಅಡ್ಡ ಹಿಡಿದಳು.

"ತಡಿ ತಾತ... ಸಾಲ ತೀರಿಸ್ತಾ ಇದೀನಿ!"