ಹಳೆಯ ಕಾಲವನ್ನು ಹಾಡಿಗೆ ತೊಡಿಸಿದ ಹುಡುಗರು

ಕಳೆದ ವರ್ಷ ಮಾಘಮಾಸದ ಒಂದು ಸಂಜೆ, ನಾವು ಮೇಲ್ವಿಚಾರಣೆ ನೋಡುವ ವಿದ್ಯಾರ್ಥಿನಿಲಯದ ಐದಾರು ಹುಡುಗರು, ಅವರ ಕಾಲೇಜಿನ ಇಬ್ಬರು ಹೆಣ್ಣುಮಕ್ಕಳು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತರು. "ಗುರುಗಳ, ನಿಮ್ಮ ಹಳೇ ಟೇಪ್ ರೆಕಾರ್ಡರ್ ಒಂದೆರಡು ದಿನ ಬೇಕಾಗೇತ್ರಿ" ಎಂದರು. ಅಂತಿಮ ವರ್ಷದ ಬೀಳ್ಕೊಡುಗೆಗಾಗಿ ಅವರೇ ಒಂದು ಹಾಡು ಕಟ್ಟಿದ್ದರು. ಅದಕ್ಕೆ ನಾಲ್ಕು ನಿಮಿಷದ ವಿಡಿಯೋ ಆಗಬೇಕು. ಅದೂ 1985ರ ಸುಮಾರಿನಲ್ಲಿ ತೆಗೆದಂತೆ ಕಾಣಬೇಕು. ಇದಕ್ಕೆ 'ರೆಟ್ರೋ' ಎನ್ನುತ್ತಾರೆಂದು ತಿಳಿಸಿದರು. ನಾವು ನಿನ್ನೆ ಮೊನ್ನೆಯದೆಂದು ಭಾವಿಸಿದ್ದ ನಮ್ಮ ತಾರುಣ್ಯವು ಈ ಮಕ್ಕಳ ಪಾಲಿಗೆ ವೇಷಭೂಷಣವಾಗಿದೆಯೆಂಬ ಸಂಗತಿ ನಮಗೆ ಆಗ ಹೊಳೆಯಿತು.

ಸಿದ್ಧತೆಯೇನೋ ಭರದಿಂದ ನಡೆಯಿತು. ಅಪ್ಪಂದಿರ ಪೆಟ್ಟಿಗೆಯಿಂದ ಅಗಲ ಕಾಲಿನ ಪ್ಯಾಂಟುಗಳು ಹೊರಬಂದವು. ಡೈನಮೋ ದೀಪದ ಸೈಕಲ್ಲೊಂದು ಸಿಕ್ಕಿತು. ಒಬ್ಬ ಹುಡುಗ ತನ್ನ ಅಜ್ಜನ ಎಚ್‌ಎಂಟಿ ಗಡಿಯಾರವನ್ನು ಕಟ್ಟಿಕೊಂಡು ಬಂದು, ಅದು ನಿಂತಿದೆಯೆಂದು ತೋರಿಸಿದ. ಕೀಲಿ ಕೊಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಬೆಲ್ ಬಾಟಂ 1970ರ ದಶಕದ್ದು, 1985ರ ವೇಳೆಗೆ ನಮ್ಮ ಪ್ಯಾಂಟುಗಳು ಕಿರಿದಾಗಿದ್ದವೆಂದು ನಾವು ಹೇಳಿ ನೋಡಿದೆವು. "ಛಂದ ಕಾಣ್ತಾವಲ್ರಿ ಗುರುಗಳ" ಎಂಬ ಉತ್ತರ ಬಂದ ಮೇಲೆ ನಾವು ಸುಮ್ಮನಾದೆವು.

ಚಿತ್ರೀಕರಣದ ಕ್ರಮ ನೋಡಲು ಸ್ವಾರಸ್ಯಕರವಾಗಿತ್ತು. ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಅಂಗಳದಲ್ಲಿ ಅದನ್ನು ದೊಡ್ಡದಾಗಿ ಹಚ್ಚಿ, ಅದಕ್ಕೆ ಸರಿಯಾಗಿ ತುಟಿ ಆಡಿಸಬೇಕು. ಒಂದೇ ಸಾಲಿಗೆ ಹದಿನಾಲ್ಕು ಸಲ ತುಟಿ ಆಡಿಸಿದ ಹುಡುಗನನ್ನು ಕಂಡಿದ್ದೇವೆ. ಮೊಬೈಲಿನಲ್ಲಿ ಕನ್ನಡಿಯಂತೆ ನಿಚ್ಚಳವಾಗಿ ಮೂಡಿದ ಆ ಚಿತ್ರವನ್ನು ಅನಂತರ ಕಂಪ್ಯೂಟರಿಗೆ ಹಾಕಿ ಕೆಡಿಸುವ ಕಾರ್ಯ ಆರಂಭವಾಯಿತು. ಅಗಲವಾದ ಚಿತ್ರವನ್ನು ಹಳೆಯ ಟಿ.ವಿ.ಯ ನಾಲ್ಕಕ್ಕೆ ಮೂರರ ಚೌಕಟ್ಟಿಗೆ ಕತ್ತರಿಸಿದರು. ಬಣ್ಣಗಳನ್ನು ಒಂದರೊಳಗೊಂದು ಹರಿಯಬಿಟ್ಟರು. ಮೇಲಿನಿಂದ ಕೆಳಕ್ಕೆ ಗೀರುಗಳನ್ನು, ಅಡ್ಡಡ್ಡಲಾಗಿ ಪಟ್ಟಿಗಳನ್ನು ಎಳೆದರು.

ಇಲ್ಲಿ ನಮ್ಮೊಳಗಿನ ಪಾಠಸಂಪಾದಕ ಎಚ್ಚತ್ತನು. ಸಿನಿಮಾದ ರೀಲು ಪ್ರೊಜೆಕ್ಟರಿನಲ್ಲಿ ಮೇಲಿನಿಂದ ಕೆಳಗೆ ಓಡುವಾಗ ಧೂಳಿನ ಕಣ ಉಜ್ಜಿದರೆ ಉದ್ದನೆಯ ಗೀರು ಬೀಳುತ್ತದೆ. ವಿಡಿಯೋ ಕ್ಯಾಸೆಟ್ಟಿನ ಟೇಪು ಸವೆದರೆ ಅಥವಾ ಓದುವ ತಲೆ ಹಾದಿ ತಪ್ಪಿದರೆ ಅಡ್ಡ ಪಟ್ಟಿ ಮೂಡುತ್ತದೆ. ಒಂದೇ ಚಿತ್ರಕ್ಕೆ ಎರಡೂ ರೋಗಗಳನ್ನು ಅಂಟಿಸುವುದು, ಇಬ್ಬರು ಲಿಪಿಕಾರರ ತಪ್ಪುಗಳನ್ನು ಒಂದೇ ಓಲೆಯಲ್ಲಿ ಬರೆದಿಟ್ಟಂತೆ. ಮಠದಲ್ಲಿ ತಾಳೆಗರಿಗಳನ್ನು ಮುಂದಿಟ್ಟುಕೊಂಡು ಕಲಿತ ನಮಗೆ, ಹುಳು ತಿಂದ ತೂತಿನ ಆಚೆ ಯಾವ ಅಕ್ಷರವಿತ್ತೆಂದು ಹುಡುಕುವುದೇ ವಿದ್ಯೆಯಾಗಿತ್ತು. ಈ ಮಕ್ಕಳಾದರೋ ಅಕ್ಷರವನ್ನು ಬಿಟ್ಟು ತೂತನ್ನೇ ನಕಲು ಮಾಡುತ್ತಿದ್ದಾರಲ್ಲ! ಹೀಗೆಂದು ತುಸು ಗರ್ವದಿಂದಲೇ ಹೇಳಿದೆವು. ಅವರು ಉದ್ದನೆಯ ಗೀರುಗಳನ್ನು ತೆಗೆದುಹಾಕಿದರು. ಅಷ್ಟರಮಟ್ಟಿಗೆ ನಮ್ಮ ಪಾಂಡಿತ್ಯಕ್ಕೆ ಬೆಲೆ ಸಿಕ್ಕಿತು.

ಟೇಪ್ ರೆಕಾರ್ಡರಿನ ಜೊತೆಗೆ ನಾವು ಒಂದು ಕ್ಯಾಸೆಟ್ಟನ್ನೂ ಕೊಟ್ಟಿದ್ದೆವು. 1984ರಲ್ಲಿ ಇದೇ ನಿಲಯದ ಪಡಸಾಲೆಯಲ್ಲಿ ನಮ್ಮ ಸಹಪಾಠಿಯೊಬ್ಬರು ಏಕತಾರಿ ಹಿಡಿದು ಹಾಡಿದ ತತ್ವಪದಗಳು ಅದರಲ್ಲಿದ್ದವು. ಅವರು 1997ರಲ್ಲಿ ತೀರಿಕೊಂಡರು. ಮಕ್ಕಳಿಗೆ ಆ ಕಾಲದ ಕಂಠ ಬೇಕಾಗಿದೆಯೆಂದು ನಾವು ತಿಳಿದಿದ್ದೆವು.

ಬೀಳ್ಕೊಡುಗೆಯ ರಾತ್ರಿ ಊಟದ ಮನೆಯ ಗೋಡೆಯ ಮೇಲೆ ಚಿತ್ರ ತೋರಿಸಿದರು. ಚಪ್ಪಾಳೆಗೆ ಬರವಿರಲಿಲ್ಲ, ಚಿತ್ರ ನಿಜಕ್ಕೂ ಸೊಗಸಾಗಿತ್ತು. ಹಾಡಿನ ಆರಂಭದಲ್ಲಿ ಹತ್ತು ಕ್ಷಣ 'ಸ್ಸ್' ಎಂಬ ಸಪ್ಪಳ ಕೇಳಿಬಂದಿತು. ನಮ್ಮ ಕ್ಯಾಸೆಟ್ಟಿನಿಂದ ತೆಗೆದುಕೊಂಡದ್ದು ಅದಿಷ್ಟನ್ನೇ. ಸ್ನೇಹಿತರ ದನಿ ಎಲ್ಲಿಯೂ ಬರಲಿಲ್ಲ. ಮರುದಿನ ವಿಚಾರಿಸಿದಾಗ ಆ ಹುಡುಗಿ ಮುಚ್ಚುಮರೆಯಿಲ್ಲದೆ ನುಡಿದಳು: "ಹಾಡು ನಮ್ಮದ ಇತ್ತಲ್ರಿ ಗುರುಗಳ. ನಮಗ ಬರೇ ಆ ಸಪ್ಪಳ ಬೇಕಾಗಿತ್ರಿ."

ನಮಗೆ ನೋವಾದದ್ದು ನಿಜ. ಆದರೆ ಕೊನೆಯ ಸಲ ನಾವು ಆ ಕ್ಯಾಸೆಟ್ಟನ್ನು ಹಚ್ಚಿ ಕೇಳಿದ್ದು ಯಾವಾಗ? ಇಪ್ಪತ್ತು ವರ್ಷಗಳ ಮೇಲಾಗಿರಬೇಕು. ಪೆಟ್ಟಿಗೆಯಲ್ಲಿ ಇದೆಯೆಂಬುದೇ ನಮಗೆ ಸಾಕಾಗಿತ್ತು. ಹುಡುಗಿಗೆ ನಮ್ಮ ಮುಖ ಕಂಡು ಏನನಿಸಿತೋ, ಇಡೀ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆಂದಳು. ಅದು ಅರವತ್ತು ನಿಮಿಷದ ಕ್ಯಾಸೆಟ್ಟು, ಬದಿಗೆ ಮೂವತ್ತು ನಿಮಿಷ. ಮೊದಲ ಬದಿಯನ್ನು ಇಬ್ಬರೂ ಕುಳಿತು ಕೇಳಿದೆವು. ಏಕತಾರಿಯ ನಾದ, ನಡುವೆ ಯಾರದೋ ಕೆಮ್ಮು, ಪಾತ್ರೆಗಳ ಸದ್ದು. ಮೂರನೆಯ ಪದ ಏರುದನಿಗೆ ಬರುತ್ತಿದ್ದಂತೆ ಟಕ್ ಎಂದು ನಿಂತಿತು. ಅಲ್ಲಿಂದ ಮುಂದೆ ಇಪ್ಪತ್ತರ ಹರೆಯದ ಒಂದು ಗಂಟಲು ಛಂದಸ್ಸಿನ ಲಕ್ಷಣಗಳನ್ನು ಪರೀಕ್ಷೆಗಾಗಿ ಉರುಹೊಡೆಯುತ್ತಿತ್ತು. ಆ ಗಂಟಲು ನಮ್ಮದೇ.

ಖಾಲಿ ಕ್ಯಾಸೆಟ್ಟಿಗೆ ಅಂದು ನಮ್ಮಲ್ಲಿ ದುಡ್ಡಿರಲಿಲ್ಲ. ರೆಕಾರ್ಡ್ ಗುಂಡಿ ಒತ್ತಿದೊಡನೆ ಯಂತ್ರವು ಹಿಂದಿನದನ್ನು ಒರಸುತ್ತಲೇ ಹೊಸದನ್ನು ಬರೆಯುತ್ತದೆ. ಇದನ್ನು ತಡೆಯಲೆಂದೇ ಕ್ಯಾಸೆಟ್ಟಿನ ಬೆನ್ನಿನಲ್ಲಿ ಬದಿಗೊಂದರಂತೆ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಮುರಿದುಹಾಕಿದರೆ ಮತ್ತೆ ಬರೆಯಲಾಗದು. ನಾವು ಮುರಿದಿರಲಿಲ್ಲ. ಆ ಹುಡುಗಿ ಕ್ಯಾಸೆಟ್ಟನ್ನು ತಿರುಗಿಸಿ ಹಲ್ಲುಗಳನ್ನು ಮುಟ್ಟಿ ನೋಡಿದಳು, ಏನೂ ಅನ್ನಲಿಲ್ಲ. ತೂತು ಮತ್ತು ಅಕ್ಷರದ ನಮ್ಮ ಉಪನ್ಯಾಸವನ್ನು ಅವಳು ಮರೆತಿರಲಾರಳು.

ಸ್ವಲ್ಪ ಹೊತ್ತಿನ ಮೇಲೆ, "ಆ ಪದ ಮುಂದ ಹೆಂಗ ಐತ್ರಿ ಗುರುಗಳ?" ಎಂದು ಕೇಳಿದಳು. ಉಳಿದ ನುಡಿಗಳು ನಮಗೆ ಬಾಯಿಪಾಠವಿವೆ. ಧಾಟಿ ಮಾತ್ರ ಅವರದು ಬೇರೆ, ನಮ್ಮದು ಬೇರೆ. ನಮಗೆ ಶ್ರುತಿಯೂ ನೆಟ್ಟಗೆ ನಿಲ್ಲುವುದಿಲ್ಲ. ಹಾಗೆಂದು ಹೇಳಿದರೂ ಕೇಳದೆ, ಬರುವ ಸೋಮವಾರ ಮೊಬೈಲ್ ತರುತ್ತೇನೆ, ಪಡಸಾಲೆಯಲ್ಲೇ ಕುಳಿತು ಹಾಡಬೇಕೆಂದು ಹೇಳಿ ಹೋದಳು.