ನಾಯಿಗೆ ಪಾಠ, ಮನೆಮಂದಿಗೆ ಅಭ್ಯಾಸ

ತಿದ್ದಲಾಗದ ಸ್ವಭಾವವನ್ನು ಕುರಿತು ಹೇಳಬೇಕಾದಾಗ ನಮ್ಮ ಜನ ನಾಯಿಯ ಬಾಲವನ್ನು ನೆನೆಯುತ್ತಾರೆ. ಎಷ್ಟು ಕಾಲ ನಳಿಗೆಯಲ್ಲಿ ಇಟ್ಟರೂ ಅದು ಡೊಂಕೇ ಎಂಬುದು ಗಾದೆ. ಬಾಲದ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಆ ಬಾಲವನ್ನು ಹೊತ್ತ ಪ್ರಾಣಿಯ ಮಟ್ಟಿಗೆ ಇದು ಸಲ್ಲದು. ನಾಯಿ ಬೇಗ ಕಲಿಯುತ್ತದೆ. ಕಲಿತುದನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ತೊಡಕು ಇರುವುದು ಬೇರೆಡೆಯಲ್ಲಿ. ನಾವು ಕಲಿಸಬೇಕೆಂದುಕೊಂಡದ್ದನ್ನು ಮಾತ್ರವಲ್ಲದೆ, ನಾವು ಅರಿಯದೆ ಕಲಿಸಿದ್ದನ್ನೂ ಅದು ಅಷ್ಟೇ ಶ್ರದ್ಧೆಯಿಂದ ಕಲಿತುಬಿಡುತ್ತದೆ.

ಈ ಒಂದು ಸಂಗತಿಯನ್ನು ಆಧಾರವಾಗಿಟ್ಟುಕೊಂಡು ಒಂದು ವೃತ್ತಿಯೇ ಬೆಳೆದಿದೆ. ಯೂರೋಪು ಅಮೆರಿಕಗಳಲ್ಲಿಯೂ, ಬೆಂಗಳೂರಿನಂಥ ನಮ್ಮ ನಗರಗಳಲ್ಲಿಯೂ, ನಾಯಿಯ ಶಿಕ್ಷಕರು ಮನೆಗೇ ಬಂದು ಪಾಠ ಹೇಳುತ್ತಾರೆ. ಮಕ್ಕಳಿಗೆ ಮನೆಪಾಠವಿರುವುದುಂಟು, ನಾಯಿಗೂ ಮನೆಪಾಠವೇ ಎಂದು ನಗುವವರು ಇದ್ದಾರೆ. ಆದರೆ ಬಲ್ಲ ಶಿಕ್ಷಕನೊಬ್ಬನು ಬಂದಾಗ ಗಮನಿಸಿ ನೋಡಿದರೆ ಒಂದು ವಿಶೇಷ ಕಾಣುತ್ತದೆ: ಅವನು ನಾಯಿಯೊಡನೆ ಕಳೆಯುವ ಹೊತ್ತಿಗಿಂತ ಮನೆಯವರೊಡನೆ ಮಾತನಾಡುವ ಹೊತ್ತೇ ಹೆಚ್ಚು. ಇದು ಏಕೆ ಹೀಗೆ? ಪ್ರಯೋಗಶಾಲೆಗಳಲ್ಲಿ ನೂರು ವರ್ಷಗಳಿಗೂ ಮೀರಿ ನಡೆದ ಕೆಲಸ ಇದಕ್ಕೆ ಉತ್ತರ ಹೇಳುತ್ತದೆ.

ಎರಡು ಬಗೆಯ ಕಲಿಕೆ

ರಷ್ಯದ ಶರೀರವಿಜ್ಞಾನಿ ಇವಾನ್ ಪಾವ್ಲೊವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಾಸ ಮಾಡಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆಹಾರ ಬಾಯಿಗೆ ಬಿದ್ದಾಗ ಜೊಲ್ಲು ಸುರಿಯುವುದು ಸಹಜ. ಆದರೆ ಆಹಾರ ತರುವವನು ಕಂಡೊಡನೆಯೇ ಅವನ ನಾಯಿಗಳು ಜೊಲ್ಲು ಸುರಿಸತೊಡಗಿದವು. ಆಹಾರದೊಡನೆ ಮತ್ತೆ ಮತ್ತೆ ಕೂಡಿಬಂದ ಯಾವ ಸದ್ದೇ ಆಗಲಿ, ಯಾವ ನೋಟವೇ ಆಗಲಿ, ಕಡೆಗೆ ಆಹಾರದ ಮುನ್ಸೂಚನೆಯಾಗಿಬಿಡುತ್ತದೆಂದು ಪಾವ್ಲೊವ್ ತೋರಿಸಿದನು. ಇದೇ ಅನುಬಂಧಿತ ಪ್ರತಿವರ್ತನೆ.

ಸುಮಾರು ಅದೇ ಕಾಲದಲ್ಲಿ, 1898ರಲ್ಲಿ, ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನೂ ನಾಯಿಗಳನ್ನೂ ಒಗಟಿನ ಪೆಟ್ಟಿಗೆಗಳಲ್ಲಿ ಕೂಡಿಹಾಕಿ, ಅವು ಅಗುಳಿ ತೆರೆದು ಹೊರಬರುವುದನ್ನು ಅಳೆದನು. ಯಾವ ಕೃತ್ಯದ ಹಿಂದೆ ಸುಖವಾದ ಫಲ ಬರುವುದೋ ಆ ಕೃತ್ಯ ಮರುಕಳಿಸುತ್ತದೆ. ಫಲವಿಲ್ಲದ್ದು ಮೆಲ್ಲನೆ ಕಳಚಿಹೋಗುತ್ತದೆ. ಈ ಪರಿಣಾಮ ನಿಯಮವು ಕಲಿಕೆಯ ಎರಡನೆಯ ಬಗೆ.

ಮನೆಯ ಬಾಗಿಲಿನಲ್ಲಿ ಈ ಎರಡೂ ಒಟ್ಟಿಗೆ ಕೆಲಸ ಮಾಡುವುದನ್ನು ನೋಡಬಹುದು. ಕರೆಗಂಟೆ ಬಾರಿಸುತ್ತದೆ, ಅದರ ಬೆನ್ನಿಗೇ ಅಪರಿಚಿತನೊಬ್ಬನು ಬರುತ್ತಾನೆ. ನಾಲ್ಕು ಸಲ ಹೀಗಾದರೆ ಸಾಕು, ಗಂಟೆಯ ಸದ್ದೇ ನಾಯಿಯನ್ನು ಕೆರಳಿಸುತ್ತದೆ. ಇದು ಪಾವ್ಲೊವನ ಪಾಠ. ನಾಯಿ ಬೊಗಳುತ್ತದೆ, ಅಂಚೆಯವನು ಕಾಗದ ಕೊಟ್ಟು ಹೊರಟುಹೋಗುತ್ತಾನೆ. ಅವನು ಹೇಗಿದ್ದರೂ ಹೊರಡುವವನೇ. ಆದರೆ ನಾಯಿಯ ಲೆಕ್ಕದಲ್ಲಿ, ಬೊಗಳಿದ್ದರಿಂದಲೇ ಅವನು ಓಡಿದ. ಫಲ ಸಿಕ್ಕಿತು; ನಾಳೆ ಇನ್ನೂ ಜೋರಾಗಿ ಬೊಗಳಬೇಕು. ಇದು ಥಾರ್ನ್‌ಡೈಕನ ಪಾಠ. ಯಾರೂ ಕಲಿಸದೆ ಹೋದರೂ ದಿನಕ್ಕೊಮ್ಮೆ ತಪ್ಪದೆ ನಡೆದ ಪಾಠವಿದು.

ಅಜ್ಜಿಯ ಚಪಾತಿ

ಈ ತತ್ತ್ವಗಳನ್ನು ಇನ್ನೂ ಮುಂದಕ್ಕೆ ಕೊಂಡೊಯ್ದವನು ಬಿ. ಎಫ್. ಸ್ಕಿನ್ನರ್. 1951ರಲ್ಲಿ ಅವನು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಸಾಮಾನ್ಯರಿಗಾಗಿ ವಿವರಿಸಿದನು. ಫಲವು ಕೃತ್ಯದ ಬೆನ್ನಿಗೇ ಬರಬೇಕು. ಅರೆನಿಮಿಷ ತಡವಾದರೂ ಪ್ರಾಣಿಗೆ ಯಾವುದಕ್ಕೆ ಬಹುಮಾನ ಬಂತೆಂದು ತಿಳಿಯದು. ಅದಕ್ಕಾಗಿ ಒತ್ತಿದೊಡನೆ ಟಕ್ಕೆಂದು ಸದ್ದು ಮಾಡುವ ಪುಟ್ಟ ಆಟಿಕೆಯೊಂದನ್ನು ಬಳಸಬಹುದೆಂದು ಅವನು ಸೂಚಿಸಿದನು. ಆ ಸದ್ದು ‘ಇದೇ ಸರಿ, ತಿನಿಸು ಬರುತ್ತಿದೆ’ ಎಂಬ ಸಂಕೇತವಾಗುತ್ತದೆ. ಇಂದಿನ ಎಷ್ಟೋ ಶಿಕ್ಷಕರ ಕೈಯಲ್ಲಿ ಕಾಣುವ ‘ಕ್ಲಿಕ್ಕರ್’ ಇದರ ವಂಶದ್ದೇ.

ಆದರೆ ಸಂಸಾರವಂದಿಗರು ಅರಿಯಬೇಕಾದ ಮುಖ್ಯ ಸಂಗತಿ ಬೇರೊಂದಿದೆ. ಪ್ರತಿಸಲವೂ ಫಲ ಸಿಗುತ್ತಿದ್ದ ಕೃತ್ಯವು, ಫಲ ನಿಂತಾಗ ಬೇಗ ಅಳಿಯುತ್ತದೆ. ಯಾವಾಗಲೋ ಒಮ್ಮೊಮ್ಮೆ ಮಾತ್ರ ಫಲ ಸಿಗುತ್ತಿದ್ದ ಕೃತ್ಯವೋ, ಫಲ ನಿಂತ ಮೇಲೂ ಬಹಳ ಕಾಲ ಉಳಿಯುತ್ತದೆ. ಲಾಟರಿಯ ಚೀಟಿ ಕೊಳ್ಳುವವನು ಸೋತರೂ ಬಿಡದಿರುವುದು ಈ ಕಾರಣದಿಂದಲೇ.

ಈಗ ಊಟದ ಹೊತ್ತಿನ ಮನೆಯನ್ನು ಊಹಿಸಿಕೊಳ್ಳಿ. ನಾಯಿ ಬಂದು ಮೊಣಕಾಲನ್ನು ಕೆರೆಯುತ್ತದೆ. ತಂದೆ ಗದರುತ್ತಾನೆ, ತಾಯಿ ನೋಡದಂತಿರುತ್ತಾಳೆ, ಮಗಳು ನೂಕುತ್ತಾಳೆ. ಹತ್ತು ದಿನಗಳಿಗೊಮ್ಮೆ ಅಜ್ಜಿಯ ಮನಸ್ಸು ಕರಗಿ ಚಪಾತಿಯ ಚೂರೊಂದು ಕೆಳಗೆ ಬೀಳುತ್ತದೆ. ‘ಒಂದೇ ಚೂರಲ್ಲವೆ’ ಎಂದು ಅಜ್ಜಿ ಕೇಳಬಹುದು. ವಿಜ್ಞಾನದ ಉತ್ತರವೆಂದರೆ, ಅದು ಒಂದೇ ಚೂರಾದುದರಿಂದಲೇ ಅಭ್ಯಾಸವು ಅಷ್ಟು ಗಟ್ಟಿಯಾಯಿತು! ದಿನವೂ ಕೊಟ್ಟು ಒಂದು ದಿನ ನಿಲ್ಲಿಸಿದ್ದರೆ ನಾಯಿ ಬೇಗ ಮರೆಯುತ್ತಿತ್ತು. ಮೂವರು ಹಾಕಿದ ಬೇಲಿಯನ್ನು ನಾಲ್ಕನೆಯವರು ತೆರೆದಿಟ್ಟರೆ, ಆ ಬೇಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮನೆಗೇ ಏಕೆ ಬರಬೇಕು?

ನಾಯಿಯನ್ನು ಒಂದು ತಿಂಗಳು ಶಿಕ್ಷಣಕೇಂದ್ರಕ್ಕೆ ಕಳುಹಿಸಿ, ಕಲಿತಮೇಲೆ ಕರೆತಂದರೆ ಸಾಲದೆ ಎಂದು ಕೇಳುವವರುಂಟು. ಅಲ್ಲಿ ಅದು ಕಲಿಯುವುದು ನಿಜ. ಆದರೆ ಕಲಿತದ್ದು ಅಲ್ಲಿಗೇ ಅಂಟಿಕೊಂಡಿರುತ್ತದೆ. ಆ ಬಯಲಿನಲ್ಲಿ, ಆ ಶಿಕ್ಷಕನ ಮುಂದೆ ‘ಕೂತ್ಕೋ’ ಎಂದರೆ ಕುಳಿತುಕೊಳ್ಳುವ ನಾಯಿ, ಮನೆಯ ಬಾಗಿಲಲ್ಲಿ ನೆಂಟರು ಬಂದಾಗ ಅದೇ ಮಾತನ್ನು ಕೇಳಿಯೂ ಕೇಳದಂತಿರುತ್ತದೆ. ಇದು ಮೊಂಡುತನವಲ್ಲ. ಸ್ಥಳ, ವ್ಯಕ್ತಿ, ಸದ್ದು, ವಾಸನೆ ಎಲ್ಲವೂ ಸೇರಿ ನಾಯಿಗೆ ಒಂದು ಪಾಠವಾಗಿರುತ್ತದೆ. ಅವುಗಳಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದನ್ನು ಬೇರೆ ಬೇರೆ ಎಡೆಗಳಲ್ಲಿ ಮತ್ತೆ ಮತ್ತೆ ಕಲಿಸಿಯೇ ಬಿಡಿಸಬೇಕು. ಗಂಟೆಯ ತೊಂದರೆ ಬಾಗಿಲಲ್ಲಿ ಹುಟ್ಟಿದ್ದು. ಅದನ್ನು ಬಾಗಿಲಲ್ಲಿಯೇ ತಿದ್ದಬೇಕು.

ಆದುದರಿಂದ ಶಿಕ್ಷಕನು ಮೊದಲ ದಿನ ಕಲಿಸುವುದಕ್ಕಿಂತ ನೋಡುವುದೇ ಹೆಚ್ಚು. ನಾಯಿಗೆ ಊಟ ಯಾರು ಹಾಕುತ್ತಾರೆ? ಅದು ಎಲ್ಲಿ ಮಲಗುತ್ತದೆ? ದಿನಕ್ಕೆ ಎಷ್ಟು ಹೊತ್ತು ಒಂಟಿಯಾಗಿರುತ್ತದೆ? ಈ ತೊಂದರೆ ಎಂದಿನಿಂದ ಆರಂಭವಾಯಿತು? ಶಾಂತವಾಗಿದ್ದ ನಾಯಿ ಥಟ್ಟನೆ ಮುಂಗೋಪಿಯಾಗಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವುಗಳು ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು. ಅನಂತರ ಒಂದು ಪುಸ್ತಕದಲ್ಲಿ ಮೂರು ಕಲಮುಗಳು: ಮೊದಲು ಏನಾಯಿತು, ನಾಯಿ ಏನು ಮಾಡಿತು, ಬಳಿಕ ಏನು ಸಿಕ್ಕಿತು. ಒಂದು ವಾರ ಹೀಗೆ ಬರೆದರೆ, ದುರಭ್ಯಾಸಕ್ಕೆ ಕೂಲಿ ಕೊಡುತ್ತಿರುವವರು ಯಾರೆಂಬುದು ಎಷ್ಟೋ ವೇಳೆ ತಾನಾಗಿಯೇ ಹೊರಬೀಳುತ್ತದೆ.

ಭಾಷೆಯ ತೊಡಕೂ ಒಂದುಂಟು. ಒಬ್ಬರು ‘ಕೂತ್ಕೋ’ ಎನ್ನುತ್ತಾರೆ, ಇನ್ನೊಬ್ಬರು ‘ಸಿಟ್’ ಎನ್ನುತ್ತಾರೆ, ಮತ್ತೊಬ್ಬರು ‘ಸುಮ್ನೆ ಕೂತ್ಕೊಳೋ ಮರಿ’ ಎಂದು ಮುದ್ದಿಸುತ್ತಾರೆ. ನಮಗೆ ಇವುಗಳ ಅರ್ಥ ಒಂದೇ. ನಾಯಿಗೆ ಇವು ಮೂರು ಬೇರೆ ಸದ್ದುಗಳು. ಒಂದು ಕೆಲಸಕ್ಕೆ ಒಂದೇ ಮಾತು, ಒಂದೇ ಕೈಸನ್ನೆ ಎಂದು ಮನೆಮಂದಿಯೆಲ್ಲ ಒಪ್ಪಬೇಕು. ಕೈಸನ್ನೆಯನ್ನಂತೂ ನಾಯಿಗಳು ಬಹು ಚೆನ್ನಾಗಿ ಗ್ರಹಿಸುತ್ತವೆ. ಅಡಗಿಸಿಟ್ಟ ಆಹಾರವನ್ನು ಮನುಷ್ಯನ ಸೂಚನೆಯಿಂದ ಪತ್ತೆಮಾಡುವುದರಲ್ಲಿ ಅವು ಚಿಂಪಾಂಜಿಗಳನ್ನೂ ಮೀರಿಸಿದುವೆಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಎಳೆತನದ ಕೆಲವು ವಾರಗಳು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತನ್ನು ಪ್ರಯೋಗದಿಂದ ಪರೀಕ್ಷಿಸಿದ ವಿಜ್ಞಾನಿಗಳು ಇದ್ದಾರೆ. ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರ್ ಎಂಬ ಊರಿನ ಜ್ಯಾಕ್ಸನ್ ಪ್ರಯೋಗಶಾಲೆಯಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ನಾಯಿಗಳನ್ನು ಹಲವು ವರ್ಷ ಅಭ್ಯಸಿಸಿ, 1965ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯೇ ನಡೆದ ಒಂದು ಪ್ರಯೋಗದ ವರದಿ 1961ರಲ್ಲಿ ಹೊರಬಂತು. ಮರಿಗಳನ್ನು ಎತ್ತರವಾದ ಬೇಲಿಯೊಳಗೆ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಮನುಷ್ಯರ ಬಳಿ ಇರಿಸಲಾಯಿತು. 14 ವಾರಗಳವರೆಗೂ ಮನುಷ್ಯನ ಸಹವಾಸವನ್ನೇ ಕಾಣದ ಮರಿಗಳು ಕಾಡುಪ್ರಾಣಿಗಳಂತೆ ಬೆದರಿ ದೂರ ಸರಿಯುತ್ತಿದ್ದವು.

ಸುಮಾರು 3ನೆಯ ವಾರದಿಂದ 12 ಅಥವಾ 14ನೆಯ ವಾರದವರೆಗಿನ ಈ ಅವಧಿಯಲ್ಲಿ ಮರಿಯು ಮಕ್ಕಳು, ಮುದುಕರು, ಕೊಡೆ, ಮಿಕ್ಸಿಯ ಸದ್ದು, ಮೋಟಾರು ಬಂಡಿ ಇವೆಲ್ಲವನ್ನೂ ಸುಖವಾದ ಸನ್ನಿವೇಶದಲ್ಲಿ ಕಾಣಬೇಕು. ಲಸಿಕೆಗಳು ಮುಗಿಯುವವರೆಗೆ ಬೀದಿಯ ನೆಲದ ಮೇಲೆ ಬಿಡದಿದ್ದರೂ ಕೈಯಲ್ಲಿ ಎತ್ತಿಕೊಂಡು ಲೋಕವನ್ನು ತೋರಿಸಬಹುದು. ಈ ವಾರಗಳು ಕಳೆದವೆಂದು ಕೈಬಿಡಬೇಕಾಗಿಲ್ಲ. ಅನಂತರ ಅದೇ ಕೆಲಸಕ್ಕೆ ಹೆಚ್ಚು ಕಾಲವೂ ತಾಳ್ಮೆಯೂ ಬೇಕಾಗುತ್ತವೆ, ಅಷ್ಟೆ.

ಏಟಿನ ಪಾಠ

ನಾಯಿ ತೋಳದ ಸಂತತಿ, ತೋಳಗಳ ಗುಂಪಿನಲ್ಲಿ ಬಲಶಾಲಿಯೇ ಒಡೆಯ, ಆದುದರಿಂದ ನಾಯಿಯನ್ನು ಹೊಡೆದು ಬಗ್ಗಿಸಬೇಕು ಎಂಬ ವಾದ ಬಹುಕಾಲ ನಡೆಯಿತು. ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಮೂಲ. ಆದರೆ ಅವನು ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಡೇವಿಡ್ ಮೆಕ್ 1999ರಲ್ಲಿ, ಸಾಮಾನ್ಯವಾದ ತೋಳದ ಗುಂಪೆಂದರೆ ತಂದೆ, ತಾಯಿ ಮತ್ತು ಮಕ್ಕಳ ಸಂಸಾರವೇ ಎಂದು ಸ್ಪಷ್ಟಪಡಿಸಿದನು. ಹೊಡೆತಕ್ಕೆ ತೋಳದ ಸಾಕ್ಷಿಯೂ ಉಳಿಯಲಿಲ್ಲ.

‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ’ ಎನ್ನುವವರಿಗೆ ಅಲೆಕ್ಸಾಂಡ್ರ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ. ತಿನ್ನಬೇಡವೆಂದ ತಿನಿಸನ್ನು ನಾಯಿ ತಿಂದಿರಲಿ ಬಿಡಲಿ, ಒಡೆಯನು ಗದರಿದಾಗ ‘ಅಪರಾಧಿಯ ಮುಖ’ ಹೆಚ್ಚಾಗಿ ಕಂಡಿತು. ಅದು ಪಶ್ಚಾತ್ತಾಪವಲ್ಲ, ಒಡೆಯನ ಕೋಪಕ್ಕೆ ಕೊಟ್ಟ ಉತ್ತರ. ಪೋರ್ಚುಗಲ್ಲಿನ ಪೋರ್ಟೊ ನಗರದ ಸಂಶೋಧಕರು 2020ರಲ್ಲಿ 92 ಸಾಕುನಾಯಿಗಳ ಅಧ್ಯಯನವನ್ನು ಪ್ರಕಟಿಸಿದರು. ದಂಡನೆಯನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳಲ್ಲಿ ಬಳಲಿಕೆಯ ಲಕ್ಷಣಗಳೂ, ಪಾಠದ ತರುವಾಯ ಕಾರ್ಟಿಸಾಲ್ ಎಂಬ ಹಾರ್ಮೋನಿನ ಏರಿಕೆಯೂ ಹೆಚ್ಚಾಗಿದ್ದವು.

ಭಯವನ್ನು ಕಳೆಯುವ ದಾರಿಯೂ ಪ್ರಯೋಗದಿಂದಲೇ ತಿಳಿದದ್ದು. 1924ರಲ್ಲಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಬಾಲಕನೊಬ್ಬನಿಗೆ ಅವನಿಗೆ ಇಷ್ಟವಾದ ತಿಂಡಿ ಕೊಡುತ್ತ, ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದಳು. ಕಡೆಗೆ ಬಾಲಕನು ಅದನ್ನು ಮುಟ್ಟಿ ಮುದ್ದಿಸಿದನು. ದೀಪಾವಳಿಯ ಪಟಾಕಿಗೆ ಮಂಚದ ಕೆಳಗೆ ನಡುಗುವ ನಾಯಿಗೂ ಇದೇ ಮದ್ದು. ಹಬ್ಬಕ್ಕೆ ತಿಂಗಳುಗಳ ಮೊದಲೇ ಪಟಾಕಿಯ ಧ್ವನಿಮುದ್ರಣವನ್ನು ಪಿಸುಮಾತಿನಷ್ಟು ಮೆಲ್ಲಗೆ ಕೇಳಿಸಿ, ಒಡನೆಯೇ ತಿನಿಸು ಕೊಡಬೇಕು. ನಾಯಿ ಶಾಂತವಾಗಿದ್ದರೆ ಮಾತ್ರ ಮರುದಿನ ಸದ್ದನ್ನು ಕೂದಲೆಳೆಯಷ್ಟು ಏರಿಸಬೇಕು.

ಕೆಲಸವಿಲ್ಲದ ಕೆಲಸಗಾರ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನವೊಂದು ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದ ಆ ನಾಯಿಗೆ ಅದರ ಒಡೆಯ ಮಣಲೇರನು ಕಲ್ಲು ನಿಲ್ಲಿಸಿದನು. ನಮ್ಮ ಮುಧೋಳದ ನಾಯಿಯೂ ಬೇಟೆಗಾಗಿಯೇ ಬೆಳೆದ ತಳಿ. ಬೇಟೆಗೆ, ಕಾವಲಿಗೆ, ಕುರಿ ಕಾಯುವುದಕ್ಕೆ ಶತಮಾನಗಳ ಕಾಲ ಆರಿಸಿ ಬೆಳೆಸಿದ ಪ್ರಾಣಿಯನ್ನು ಇಂದು ಎರಡು ಕೋಣೆಗಳ ಮನೆಯಲ್ಲಿ ದಿನವಿಡೀ ಸುಮ್ಮನಿರಿಸಿ, ಮೆತ್ತೆ ಹರಿಯಿತೆಂದು ಕೋಪಿಸಿಕೊಳ್ಳುತ್ತೇವೆ. ಅದಕ್ಕೆ ಮೂಸಿ ಹುಡುಕಲು ಏನಾದರೂ ಬೇಕು. ಓಡಲು, ಅಗಿಯಲು, ಯೋಚಿಸಲು ಏನಾದರೂ ಬೇಕು. ಊಟವನ್ನು ತಟ್ಟೆಯಲ್ಲಿ ಸುರಿಯುವ ಬದಲು ಅಲ್ಲಲ್ಲಿ ಅಡಗಿಸಿಟ್ಟು ಹುಡುಕಲು ಬಿಟ್ಟರೆ ಅರ್ಧ ತಂಟೆ ತಾನಾಗಿ ಅಡಗುವುದುಂಟು.

ಮಕ್ಕಳ ಕ್ಷೇಮ, ನಾಯಿಯ ಬಾಳು

ಇದೆಲ್ಲ ಬರಿಯ ಹವ್ಯಾಸದ ಮಾತಲ್ಲ. ನಾಯಿ ಕಚ್ಚುವ ಮೊದಲು ಸಾಮಾನ್ಯವಾಗಿ ಹಲವು ಬಗೆಯಲ್ಲಿ ತಿಳಿಸುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ, ಮೈ ಬಿಗಿಹಿಡಿಯುತ್ತದೆ, ಕಡೆಗೆ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಭಯ ಹೋಗುವುದಿಲ್ಲ. ಎಚ್ಚರಿಕೆ ಮಾತ್ರ ಹೋಗುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಮುಂದುವರಿಯುವುದೂ ಅಪಾಯವೇ. ನಾಯಿ ಉಣ್ಣುವಾಗ, ಮಲಗಿರುವಾಗ ಅದನ್ನು ಮುಟ್ಟಬಾರದೆಂದು ಮನೆಯ ಮಕ್ಕಳಿಗೆ ಹೇಳಿಕೊಡಬೇಕು; ಚಿಕ್ಕ ಮಗುವನ್ನು ನಾಯಿಯೊಡನೆ ಒಂಟಿಯಾಗಿ ಬಿಡಬಾರದು.

ಶಂಕಾಸ್ಪದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇಕಡ 40ರಷ್ಟು ಮಂದಿ 15 ವರ್ಷಕ್ಕೆ ಕೆಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೇಬೀಸ್ ರೋಗದ ಲಕ್ಷಣಗಳು ತೋರಿದ ಮೇಲೆ ಬದುಕುವುದು ಅತಿ ವಿರಳ. ಆದುದರಿಂದ ಸಾಕುನಾಯಿಗೆ ಲಸಿಕೆ ತಪ್ಪಿಸಬಾರದು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನೊಂದು ಕಡೆಯಲ್ಲಿ ನಾಯಿಯ ಬಾಳಿದೆ. ‘ತಿದ್ದಲಾಗದು’ ಎನಿಸಿಕೊಂಡ ನಾಯಿಗೆ ಗಿಡ್ಡ ಸರಪಣಿಯೋ ಬೀದಿಯೋ ಗತಿಯಾಗುತ್ತದೆ. ಸಾಕುಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಈಡುಮಾಡಿ ತೊರೆಯುವುದೂ, ಗಿಡ್ಡ ಸರಪಣಿಯಲ್ಲಿ ಮಿತಿಮೀರಿದ ಕಾಲ ಕಟ್ಟಿಹಾಕುವುದೂ ನಮ್ಮ ದೇಶದಲ್ಲಿ 1960ರ ಕಾಯಿದೆಯಂತೆ ಅಪರಾಧಗಳು. ಆದರೆ ಕಾಯಿದೆಯವರೆಗೆ ಹೋಗುವ ಮೊದಲು ಮನೆಯವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಅಭ್ಯಾಸಕ್ಕೆ ದಿನವೂ ಫಲ ಕೊಡುತ್ತಿರುವವರು ಯಾರು?

ಶಿಕ್ಷಕನನ್ನು ಕರೆಸುವವರು ಅವನನ್ನೂ ಕೇಳಬೇಕಾದ ಪ್ರಶ್ನೆಗಳು ಎರಡಿವೆ. ನಾಯಿ ಸರಿಯಾಗಿ ಮಾಡಿದರೆ ನೀವು ಏನು ಮಾಡುವಿರಿ? ತಪ್ಪು ಮಾಡಿದರೆ ಏನು ಮಾಡುವಿರಿ? ಎರಡಕ್ಕೂ ನೋವಿಲ್ಲದ, ಸ್ಪಷ್ಟವಾದ ಉತ್ತರ ಕೊಡಬಲ್ಲವನು ಬಾಗಿಲೊಳಗೆ ಬರಲಿ. ವಾರಕ್ಕೊಂದು ಗಂಟೆ ಮಾತ್ರ ಅವನು ಇರುತ್ತಾನೆ. ಉಳಿದ 167 ಗಂಟೆಗಳ ಉಪಾಧ್ಯಾಯರು ಮನೆಯವರೇ.